ಕಾಫಿಗೆ ಮೊದಲು ಲೆಕ್ಕ ಬೇಡ, ಓದದೆ ಸಹಿ ಬೇಡ

ಮುಂಬಯಿಯ ತುಳು-ಕನ್ನಡಿಗರಲ್ಲಿ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಕುಟುಂಬವನ್ನು ಹುಡುಕುವುದು ಕಷ್ಟ. ಅಣ್ಣ ದುಬಾಯಿಯಲ್ಲಿ, ಭಾವ ಮಸ್ಕತ್‌ನಲ್ಲಿ, ಪಕ್ಕದ ಮನೆಯ ಹುಡುಗ ದೋಹಾದಲ್ಲಿ ಎಂಬ ಮಾತು ಡೊಂಬಿವಲಿಯಿಂದ ಮೀರಾರೋಡಿನವರೆಗೆ ನಿತ್ಯ ಕೇಳುವಂಥದ್ದು. ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಕೊಲ್ಲಿಯಿಂದ ಬಂದ ಉದ್ಯಮಿಗಳಿಗೆ ಶಾಲು ಹೊದಿಸಿ, ಫಲಪುಷ್ಪ, ಸ್ಮರಣಿಕೆ ನೀಡಿ ಗೌರವಿಸುವುದೂ ನಡೆದು ಬಂದ ವಾಡಿಕೆ. ಅದು ಶ್ಲಾಘನೀಯವೇ ಸರಿ. ಆದರೆ ಗೆದ್ದು ಬಂದವರಿಗೆ ಹಾರ ಹಾಕುವ ನಾವು, ಈಗಷ್ಟೇ ಪದವಿ ಮುಗಿಸಿ ವಿಮಾನ ಹತ್ತುವ ಹುಡುಗನಿಗೆ ಅಲ್ಲಿಯ ವ್ಯವಹಾರದ ರೀತಿ-ರಿವಾಜುಗಳನ್ನು ಹೇಳಿಕೊಡುತ್ತೇವೆಯೇ? ಈ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಳ್ಳಬೇಕಾದ ಅಗತ್ಯವಿದೆ.

‘ಬಲಗೈಯಿಂದ ಕೊಡು, ಬಲಗೈಯಿಂದ ತೆಗೆದುಕೋ, ಕಾಲ ಮೇಲೆ ಕಾಲು ಹಾಕಿ ಚಪ್ಪಲಿಯ ತಳ ತೋರಿಸಬೇಡ’ ಎಂಬ ನಾಲ್ಕು ಮಾತನ್ನು ಏಜೆಂಟ್ ಕೂಡ ಹೇಳುತ್ತಾನೆ. ಇವೆರಡೂ ನಮ್ಮ ಅಜ್ಜಿಯಂದಿರು ಹೇಳಿಕೊಟ್ಟ ಪಾಠಗಳೇ ಆಗಿರುವುದರಿಂದ ನಮಗೆ ಕಷ್ಟವೇನಲ್ಲ. ಹೇಳಿಕೊಡಬೇಕಾದದ್ದು ಅದರಾಚೆಗಿದೆ. ಅರಬ್ಬರ ವ್ಯವಹಾರದಲ್ಲಿ ಸಮಯ, ಮಾತು, ನಂಬಿಕೆ ಮತ್ತು ಕಾಗದ ಈ ನಾಲ್ಕಕ್ಕೂ ಅದರದರ ಸ್ಥಾನವಿದೆ. ಒಂದನ್ನು ಇನ್ನೊಂದರ ಜಾಗದಲ್ಲಿಟ್ಟರೆ ವ್ಯಾಪಾರ ಕೆಡುತ್ತದೆ. ಕೆಲವೊಮ್ಮೆ ಬದುಕೇ ಕೆಡುತ್ತದೆ. ಬ್ಯಾಂಕಿನ ಗುಮಾಸ್ತನಾಗಿ ವಿದೇಶಿ ವಿನಿಮಯದ ಕೌಂಟರಿನಲ್ಲಿ ಹಲವು ವರ್ಷ ಕುಳಿತು ಕಂಡದ್ದನ್ನೂ ಕೇಳಿದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸಂಬಂಧ ಇಂದು ನಿನ್ನೆಯದಲ್ಲ

ಕೊಲ್ಲಿಯ ಜತೆ ನಮ್ಮ ನಂಟು ತೈಲ ಸಿಕ್ಕ ಮೇಲೆ ಹುಟ್ಟಿದ್ದು ಎಂದು ಹಲವರು ತಿಳಿದಿದ್ದಾರೆ. 12ನೇ ಶತಮಾನದಲ್ಲೇ ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ, ಏಡನ್ ಬಂದರಿನ ವರ್ತಕರ ಜತೆ ವ್ಯಾಪಾರ ನಡೆಸುತ್ತಿದ್ದ. ಅವನ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದ ತುಳುನಾಡಿನ ಬೊಮ್ಮನ ಹೆಸರೂ ಆ ಪತ್ರಗಳಲ್ಲಿದೆ. ಅರಬ್ಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ ಬರೆದ ಆ ಪತ್ರಗಳು ಕೈರೋದ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಉಳಿದು ಬಂದವು. ಅಮಿತಾವ್ ಘೋಷ್ ಅವರು 1992ರ ತಮ್ಮ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಪುಸ್ತಕದಲ್ಲಿ ಈ ಕಥೆಯನ್ನು ಲೋಕಕ್ಕೆ ತಿಳಿಸಿದರು. ಪತ್ರಗಳು ನೇರವಾಗಿ ಲೆಕ್ಕದಿಂದ ಶುರುವಾಗುವುದಿಲ್ಲ. ಮೊದಲು ದೀರ್ಘವಾದ ಕುಶಲ, ಹಾರೈಕೆ. ಆಮೇಲೆ ಮೆಣಸು, ಅಡಿಕೆ, ಏಲಕ್ಕಿಯ ಲೆಕ್ಕ. ಜತೆಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದದಂಥ ಉಡುಗೊರೆ. ಮುಂಗಡ ಪಡೆದೂ ಏಲಕ್ಕಿ ಕೊಡದವನ ಬಗ್ಗೆ ತಕರಾರೂ ಅವುಗಳಲ್ಲಿದೆ! ಒಂಬೈನೂರು ವರ್ಷಗಳ ಹಿಂದಿನ ಈ ಕ್ರಮ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಇನ್ನೊಂದು ಮಾತೂ ಇದರಿಂದ ತಿಳಿಯುತ್ತದೆ. ಅರಬ್ಬಿ ಮಾತಾಡುವವರ ವ್ಯಾಪಾರದ ಶಿಷ್ಟಾಚಾರ ಒಂದು ಮತದವರ ಸೊತ್ತಲ್ಲ, ಅದು ಆ ಭಾಷೆಯ, ಆ ನೆಲದ ರೂಢಿ.

ನಮ್ಮ ಮುಂಬಯಿಗೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಕುವೈತ್, ಬಹರೈನ್‌ಗಳ ಮುತ್ತಿನ ವರ್ತಕರು ಸರಕು ತಂದು ಮಾರುತ್ತಿದ್ದದ್ದು ಇಲ್ಲಿಯೇ. ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗಾಗಿಯೇ ಪ್ರತ್ಯೇಕ ನೋಟು ಹೊರಡಿಸಿತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ತಮ್ಮದೇ ದಿನಾರ್ ತಂದವು. 1966ರ ರೂಪಾಯಿ ಅಪಮೌಲ್ಯದ ಬಳಿಕ ಕತಾರ್, ದುಬಾಯಿಗಳು ರೂಪಾಯಿಯನ್ನು ಬಿಟ್ಟವು. ಓಮನ್ 1970ರವರೆಗೆ ಇಟ್ಟುಕೊಂಡಿತ್ತು. ಓಮನ್‌ನ ಚಿಲ್ಲರೆ ನಾಣ್ಯಕ್ಕೆ ಇಂದಿಗೂ ‘ಬೈಸಾ’ ಎಂದೇ ಹೆಸರು, ಅದು ನಮ್ಮ ಪೈಸೆಯೇ. ಆದ್ದರಿಂದ ಅರಬ್ಬ ನಮಗೆ ಅಪರಿಚಿತನಲ್ಲ. ಹಳೆಯ ಪರಿಚಯವನ್ನು ನಾವೇ ಮರೆತಿದ್ದೇವೆ.

ಗಾವಾ ಎಂಬ ಒಪ್ಪಂದಪೂರ್ವ ಒಪ್ಪಂದ

ಕೊಲ್ಲಿಯಲ್ಲಿ ಯಾವ ಕಚೇರಿಗೆ, ಯಾವ ಮಜ್ಲಿಸ್‌ಗೆ ಹೋದರೂ ಮೊದಲು ಬರುವುದು ‘ಗಾವಾ’, ಅಂದರೆ ಏಲಕ್ಕಿ ಹಾಕಿದ, ಸಕ್ಕರೆ ಇಲ್ಲದ ಕಾಫಿ, ಜತೆಗೆ ಖರ್ಜೂರ. ಉದ್ದ ಮೂತಿಯ ‘ದಲ್ಲಾ’ ಎಂಬ ಪಾತ್ರೆಯನ್ನು ಎಡಗೈಯಲ್ಲಿ ಹಿಡಿದು, ಹಿಡಿಕೆಯಿಲ್ಲದ ‘ಫಿಂಜಾನ್’ ಎಂಬ ಪುಟ್ಟ ಬಟ್ಟಲನ್ನು ಬಲಗೈಯಿಂದ ಕೊಡುತ್ತಾರೆ. ಬಟ್ಟಲಿನ ಕಾಲು ಭಾಗ ಮಾತ್ರ ಕಾಫಿ. ಅರ್ಧವೂ ಇಲ್ಲವಲ್ಲ, ಜಿಪುಣನೇ ಎಂದುಕೊಳ್ಳಬಾರದು. ಕಡಿಮೆ ಹಾಕಿದರೆ ಮತ್ತೆ ಮತ್ತೆ ಹಾಕಲು, ಅತಿಥಿಯನ್ನು ಇನ್ನಷ್ಟು ಹೊತ್ತು ಕೂರಿಸಲು ಅವಕಾಶ. ಒಂದು ಬಟ್ಟಲಾದರೂ ಕುಡಿಯಬೇಕು, ಮೂರನ್ನು ಮೀರುವುದು ರೂಢಿಯಲ್ಲ. ಸಾಕೆನಿಸಿದಾಗ ಬಟ್ಟಲನ್ನು ಮೆಲ್ಲಗೆ ಅಲುಗಾಡಿಸಿ ಹಿಂದಕ್ಕೆ ಕೊಡಬೇಕು. ಬಾಯಲ್ಲಿ ‘ಬೇಡ’ ಎನ್ನುವ ಅಗತ್ಯವಿಲ್ಲ. ಈ ಕಾಫಿಯನ್ನೂ ಮಜ್ಲಿಸನ್ನೂ ಯುನೆಸ್ಕೋ 2015ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ.

ನಮ್ಮ ಶಾಖೆಯ ಗ್ರಾಹಕರೊಬ್ಬರು, ವಾಶಿ ಮಾರುಕಟ್ಟೆಯಲ್ಲಿ ಮಸಾಲೆ ಪದಾರ್ಥಗಳ ವ್ಯಾಪಾರಿ, ಕರಾವಳಿಯವರೇ, ಒಮ್ಮೆ ಹೇಳಿದ ಮಾತು ನನಗೆ ಬಹಳ ಹಿಡಿಸಿತು. ‘ಮಾರಾಯ್ರೆ, ನಾನು ಮೊದಲ ಸಲ ಮಸ್ಕತ್‌ಗೆ ಹೋದಾಗ ಎರಡು ದಿನ ಅವರು ದರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಊರು ಯಾವುದು, ಮಕ್ಕಳೆಷ್ಟು, ತಂದೆಯವರು ಏನು ಮಾಡುತ್ತಿದ್ದರು ಇದನ್ನೇ ಕೇಳಿದರು. ಮೂರನೇ ದಿನ ಹತ್ತು ನಿಮಿಷದಲ್ಲಿ ವ್ಯಾಪಾರ ಕುದುರಿತು.’ ಅವರ ಜತೆಗೆ ಬಂದಿದ್ದ ಇನ್ನೊಬ್ಬ ವ್ಯಾಪಾರಿ ಮೊದಲ ದಿನವೇ ಕಾಫಿ ತಣ್ಣಗಾಗುವ ಮೊದಲು ದರಪಟ್ಟಿ ಮೇಜಿನ ಮೇಲಿಟ್ಟನಂತೆ. ಅವನ ಪಟ್ಟಿಯನ್ನು ಮರ್ಯಾದೆಯಿಂದ ತೆಗೆದುಕೊಂಡರು, ಆಮೇಲೆ ಕರೆಯಲೇ ಇಲ್ಲ. ಆ ಎರಡು ದಿನ ಹಾಳಾದ ಸಮಯವೆಂದು ತಿಳಿಯಬಾರದು. ಬ್ಯಾಂಕಿನಲ್ಲಿ ಸಾಲ ಕೊಡುವ ಮೊದಲು ನಾವು ಅರ್ಜಿದಾರನ ಪೂರ್ವಾಪರ ವಿಚಾರಿಸುವುದಿಲ್ಲವೇ? ಅದನ್ನೇ ಅವರು ಕಾಫಿಯ ಜತೆ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಕುಟುಂಬದ ಕ್ಷೇಮ ವಿಚಾರಿಸಬೇಕು, ಆದರೆ ‘ಮನೆಯವರೆಲ್ಲ ಹೇಗಿದ್ದಾರೆ’ ಎಂದು ಒಟ್ಟಾಗಿ ಕೇಳಬೇಕೇ ಹೊರತು ಹೆಂಡತಿಯನ್ನೇ ಹೆಸರಿಸಿ ಕೇಳಬಾರದು. ಮಹಿಳಾ ಅಧಿಕಾರಿಗಳು ಈಗ ಎಲ್ಲೆಡೆ ಇದ್ದಾರೆ. ಅವರು ತಾವಾಗಿ ಕೈ ಚಾಚಿದರೆ ಮಾತ್ರ ಕೈ ಕುಲುಕಬೇಕು, ಇಲ್ಲವಾದರೆ ಎದೆಯ ಮೇಲೆ ಕೈಯಿಟ್ಟು ವಂದಿಸಿದರೆ ಸಾಕು. ಗಂಡಸರ ಕೈಕುಲುಕು ದೀರ್ಘವಾಗಿರುತ್ತದೆ, ಥಟ್ಟನೆ ಕೈ ಹಿಂದಕ್ಕೆಳೆಯಬಾರದು. ಉಡುಗೊರೆ ಕೊಡುವುದಾದರೆ ಮದ್ಯ ಬೇಡ. ಗಂಡಸರಿಗೆ ಚಿನ್ನ, ರೇಷ್ಮೆ ಬೇಡ, ಅವರ ಧರ್ಮಸಂಪ್ರದಾಯದಲ್ಲಿ ಅವು ಪುರುಷರಿಗೆ ನಿಷಿದ್ಧ. ಅವರ ಮನೆಯ ವಸ್ತುವೊಂದನ್ನು ಅತಿಯಾಗಿ ಹೊಗಳಿದರೆ ಅದನ್ನು ನಿಮಗೇ ಕೊಟ್ಟುಬಿಡಬೇಕಾದ ಮುಜುಗರಕ್ಕೆ ಅವರು ಸಿಲುಕಬಹುದು, ಇದೂ ನೆನಪಿರಲಿ.

ಹೆಸರಿನ ವಿಷಯದಲ್ಲಿ ನಮ್ಮವರು ಗೊಂದಲಕ್ಕೊಳಗಾಗುವುದನ್ನು ಕೌಂಟರಿನಲ್ಲಿ ದಿನವೂ ನೋಡಿದ್ದೇನೆ. ಖಾಲಿದ್ ಬಿನ್ ಅಹ್ಮದ್ ಎಂದರೆ ಅಹ್ಮದರ ಮಗ ಖಾಲಿದ್. ಕೊನೆಯ ಹೆಸರು ಹಿಡಿದು ‘ಮಿಸ್ಟರ್ ಅಹ್ಮದ್’ ಎಂದರೆ ಅವರ ಅಪ್ಪನನ್ನು ಕರೆದಂತೆ. ‘ಮಿಸ್ಟರ್ ಖಾಲಿದ್’ ಎನ್ನುವುದೇ ಅಲ್ಲಿಯ ರೂಢಿ. ಮದುವೆಯಾದ ಮೇಲೂ ಹೆಣ್ಣುಮಕ್ಕಳು ತಂದೆಯ ಹೆಸರನ್ನೇ ಉಳಿಸಿಕೊಳ್ಳುತ್ತಾರೆ. ಊರು, ಮನೆತನ, ತಂದೆಯ ಹೆಸರುಗಳನ್ನು ಇನಿಶಿಯಲ್ ಮಾಡಿಕೊಂಡು ಮುಂಬಯಿಯ ಕಚೇರಿಗಳಲ್ಲಿ ‘ಸರ್‌ನೇಮ್ ಯಾವುದು’ ಎಂಬ ಪ್ರಶ್ನೆಗೆ ತಡಬಡಾಯಿಸಿದ ನಮಗೆ ಇದು ಅರ್ಥವಾಗದ ವಿಷಯವಲ್ಲ.

ದಿನ, ವಾರ, ತಿಂಗಳು

ಇನ್ನು ವಾರದ ಲೆಕ್ಕ. ಸೌದಿ ಅರೇಬಿಯಾ 2013ರಲ್ಲಿ ಗುರುವಾರ-ಶುಕ್ರವಾರದ ರಜೆಯನ್ನು ಶುಕ್ರವಾರ-ಶನಿವಾರಕ್ಕೆ ಬದಲಿಸಿತು. ಕುವೈತ್, ಕತಾರ್, ಓಮನ್‌ಗಳಲ್ಲೂ ಹೀಗೆಯೇ. ಯುಎಇ ಮಾತ್ರ 2022ರ ಜನವರಿಯಿಂದ ಶನಿವಾರ-ಭಾನುವಾರ ರಜೆ, ಶುಕ್ರವಾರ ಅರ್ಧ ದಿನ ಎಂಬ ಕ್ರಮಕ್ಕೆ ಬಂದಿತು. ಅದರೊಳಗಿನ ಶಾರ್ಜಾದಲ್ಲಿ ಸರಕಾರಿ ಕಚೇರಿಗಳಿಗೆ ಶುಕ್ರವಾರವೂ ಪೂರ್ಣ ರಜೆ. ಹೀಗಾಗಿ ರಿಯಾದ್, ಕುವೈತ್‌ಗಳ ಜತೆ ವ್ಯವಹರಿಸುವವರಿಗೆ ಎರಡೂ ಕಡೆ ಬ್ಯಾಂಕು ತೆರೆದಿರುವ ಖಾತ್ರಿಯ ದಿನಗಳು ಸೋಮವಾರದಿಂದ ಗುರುವಾರದವರೆಗಿನ ನಾಲ್ಕೇ ನಾಲ್ಕು. ಗುರುವಾರ ಮಧ್ಯಾಹ್ನ ಕಾಗದಪತ್ರ ತಂದು ‘ಇವತ್ತೇ ಆಗಬೇಕು’ ಎಂದು ಗುಮಾಸ್ತನ ಮೇಲೆ ರೇಗುವ ರಫ್ತುದಾರರು ಇದನ್ನು ಗಮನಿಸಬೇಕು. ಲೆಟರ್ ಆಫ್ ಕ್ರೆಡಿಟ್‌ಗೆ ಸಂಬಂಧಿಸಿದ, 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮದಂತೆ, ದಾಖಲೆ ಒಪ್ಪಿಸುವ ಕೊನೆಯ ದಿನ ಬ್ಯಾಂಕಿಗೆ ವಾಡಿಕೆಯ ರಜೆಯಿದ್ದರೆ ಮುಂದಿನ ಕೆಲಸದ ದಿನಕ್ಕೆ ಗಡುವು ವಿಸ್ತರಣೆಯಾಗುತ್ತದೆ. ಆದರೆ ಹಡಗಿಗೆ ಸರಕು ಏರಿಸುವ ಕೊನೆಯ ದಿನಾಂಕಕ್ಕೆ ಆ ರಿಯಾಯಿತಿ ಇಲ್ಲ.

ರಂಜಾನ್ ತಿಂಗಳಲ್ಲಿ ಯುಎಇಯ ಖಾಸಗಿ ಕಂಪೆನಿಗಳಲ್ಲಿ ದಿನದ ಕೆಲಸ ಎರಡು ಗಂಟೆ ಕಡಿಮೆ. ಸೌದಿಯಲ್ಲಿ ಮುಸ್ಲಿಂ ನೌಕರರಿಗೆ ದಿನಕ್ಕೆ ಆರೇ ಗಂಟೆ. ಹಗಲು ಅವರ ಎದುರು ತಿನ್ನುವುದು, ಕುಡಿಯುವುದು ಸಲ್ಲದು. ಆ ತಿಂಗಳು ವ್ಯಾಪಾರ ನಿಂತುಹೋಗುತ್ತದೆ ಎಂದು ಊರಿಗೆ ಬಂದುಬಿಡುವವರಿದ್ದಾರೆ. ಆದರೆ ಸೂರ್ಯಾಸ್ತದ ಇಫ್ತಾರ್‌ಗೆ ಕರೆಸಿಕೊಂಡವನು ಬೆಳೆಸಿಕೊಳ್ಳುವ ವಿಶ್ವಾಸ ಹತ್ತು ಮೀಟಿಂಗ್‌ಗಳಿಂದ ಬಾರದು. ಹಬ್ಬದ ದಿನ ಚಂದ್ರದರ್ಶನಕ್ಕೆ ಬಿಟ್ಟದ್ದು. ಆದ್ದರಿಂದ ಈದ್‌ನ ಆಸುಪಾಸಿನಲ್ಲಿ ಗಡುವು ಇಟ್ಟುಕೊಳ್ಳದಿರುವುದೇ ಜಾಣತನ.

ಇನ್ಶಾ ಅಲ್ಲಾ ಎಂದರೆ ‘ಇಲ್ಲ’ ಎಂದಲ್ಲ

ನಮ್ಮವರು ಬಹಳ ತಮಾಷೆ ಮಾಡುವ ಮಾತು ಇದು. ‘ಇನ್ಶಾ ಅಲ್ಲಾ ಎಂದರೆ ಆಗುವುದಿಲ್ಲವೆಂದೇ ಅರ್ಥ’ ಎಂದು ನಗುತ್ತಾರೆ. ಇದು ಸರಿಯಲ್ಲ. ನಾಳೆಯ ಬಗ್ಗೆ ಮಾತಾಡುವಾಗ ದೇವರ ಇಚ್ಛೆಯನ್ನು ಸೇರಿಸುವುದು ಅವರ ಶ್ರದ್ಧೆ. ‘ದೇವರ ದಯೆಯಿಂದ’ ಎಂದು ನಮ್ಮ ಹಿರಿಯರು ಹೇಳಿದರೆ ಅದನ್ನು ನಾವು ನೆಪವೆಂದು ತಿಳಿಯುತ್ತೇವೆಯೇ? ಆದರೆ ಮುಖದ ಮೇಲೆ ‘ಆಗುವುದಿಲ್ಲ’ ಎನ್ನುವುದು ಅವರಲ್ಲಿ ಒರಟುತನವಾದ್ದರಿಂದ ನಿರಾಕರಣೆಗೂ ಕೆಲವೊಮ್ಮೆ ಇದೇ ಮಾತು ಬರುತ್ತದೆ ಎಂಬುದೂ ನಿಜ. ವ್ಯತ್ಯಾಸ ತಿಳಿಯುವುದು ಹೇಗೆ? ಮಾತಿನ ಜತೆ ದಿನಾಂಕ, ಮನುಷ್ಯನ ಹೆಸರು, ದೂರವಾಣಿ ಸಂಖ್ಯೆ ಬಂದರೆ ಕೆಲಸ ಆಗುವ ಸಂಭವವಿದೆ. ಬರೀ ಮುಗುಳ್ನಗೆ ಬಂದರೆ ಬೇರೆ ದಾರಿ ನೋಡಬೇಕು. ಸಾಲ ಕೇಳಿದವನಿಗೆ ‘ನೋಡುವ, ಮಾಡುವ’ ಎನ್ನುವ ನಮ್ಮ ಕರಾವಳಿಯ ಮಾತಿಗೂ ಇದಕ್ಕೂ ಏನು ವ್ಯತ್ಯಾಸವಿದೆ ಹೇಳಿ!

ಅಂಕೆಯಲ್ಲಿ ಅಡಗಿದ ಅಪಾಯ

ಇಲ್ಲಿಯವರೆಗೆ ಹೇಳಿದ್ದು ಮರ್ಯಾದೆಯ ಮಾತು. ಮರ್ಯಾದೆಯ ಜತೆ ಎಚ್ಚರವೂ ಬೇಕು. ಕುವೈತ್, ಬಹರೈನ್‌ಗಳ ಒಂದು ದಿನಾರ್‌ಗೆ, ಓಮನ್‌ನ ಒಂದು ರಿಯಾಲ್‌ಗೆ ನೂರಲ್ಲ, ಸಾವಿರ ಚಿಲ್ಲರೆ. ಆದ್ದರಿಂದ ಮೊತ್ತವನ್ನು ಬಿಂದುವಿನ ನಂತರ ಮೂರು ಅಂಕೆಗಳಲ್ಲಿ ಬರೆಯುತ್ತಾರೆ. 12.500 ದಿನಾರ್ ಎಂದರೆ ಹನ್ನೆರಡೂವರೆ ದಿನಾರ್, ಹನ್ನೆರಡು ಸಾವಿರದ ಐನೂರಲ್ಲ. ಯುಎಇ ದಿರ್ಹಮ್, ಸೌದಿ ರಿಯಾಲ್‌ಗಳಲ್ಲಾದರೆ ನಮ್ಮಂತೆ ನೂರರ ಲೆಕ್ಕವೇ. ಅರಬ್ಬಿ ಅಂಕೆಗಳಲ್ಲಿ ಐದು ನಮ್ಮ ಸೊನ್ನೆಯಂತೆ ದುಂಡಗಿದೆ, ಸೊನ್ನೆ ಬರೀ ಒಂದು ಚುಕ್ಕಿ, ಆರು ಇಂಗ್ಲಿಷಿನ ಏಳನ್ನು ಹೋಲುತ್ತದೆ. ಅಕ್ಷರ ಬಲದಿಂದ ಎಡಕ್ಕೆ ಓಡಿದರೂ ಸಂಖ್ಯೆಯಲ್ಲಿ ದೊಡ್ಡ ಸ್ಥಾನ ಎಡಕ್ಕೇ ಇರುತ್ತದೆ. ಈ ಹತ್ತು ಅಂಕೆ ಕಲಿಯಲು ಒಂದು ಸಂಜೆ ಸಾಕು, ಕಲಿಯದಿದ್ದರೆ ಒಂದು ಬಿಲ್ಲಿನಲ್ಲಿ ತಿಂಗಳ ಸಂಬಳ ಹೋದೀತು.

ಕಾಗದ ಕೇಳುವುದು ಅವಮಾನವಲ್ಲ

‘ಅಷ್ಟು ವಿಶ್ವಾಸದಿಂದ ಕಾಫಿ ಕೊಟ್ಟವರ ಬಳಿ ಬರೆದು ಕೊಡಿ ಎಂದು ಕೇಳುವುದು ಹೇಗೆ’ ಎಂಬ ಸಂಕೋಚ ನಮ್ಮ ಹುಡುಗರಲ್ಲಿದೆ. ಈ ಸಂಕೋಚಕ್ಕೆ ಆಧಾರವಿಲ್ಲ. ಕುರಾನಿನ ಅತ್ಯಂತ ದೀರ್ಘವಾದ ವಚನ ಎರಡನೇ ಅಧ್ಯಾಯದ 282ನೆಯದು. ಅದರ ವಿಷಯವೇ ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮಕ್ಷಮ ನ್ಯಾಯವಾಗಿ ಬರೆದಿಡಬೇಕು ಎಂಬುದು. ಬರವಣಿಗೆ ಕೇಳಿದರೆ ಪ್ರಾಮಾಣಿಕ ಅರಬ್ ವರ್ತಕ ಬೇಸರಿಸುವ ಕಾರಣವೇ ಇಲ್ಲ. ಬೇಸರಿಸುವವನಿದ್ದರೆ ಅವನ ಬಗ್ಗೆಯೇ ಸಂಶಯ ಪಡಬೇಕು. ಆದರೆ ಬರೆದದ್ದನ್ನು ಓದಬೇಕು. ಎರಡು ಭಾಷೆಯಲ್ಲಿ ಮಾಡಿದ ನೌಕರಿಯ ಕರಾರಿನಲ್ಲಿ ತಕರಾರು ಬಂದರೆ ಅಲ್ಲಿಯ ನ್ಯಾಯಾಲಯ ಪರಿಗಣಿಸುವುದು ಅರಬ್ಬಿ ಪಾಠವನ್ನು. ಇಂಗ್ಲಿಷ್ ಓದಿ ಸಹಿ ಹಾಕಿದ್ದೇನೆ ಎನ್ನುವುದು ಉತ್ತರವಾಗದು.

ಎಲ್ಲಕ್ಕಿಂತ ಮುಖ್ಯವಾದದ್ದು ಚೆಕ್. ನಮ್ಮ ನೆರೆಯ ಕಟ್ಟಡದ ಹುಡುಗನೊಬ್ಬ ಯುಎಇಯ ಒಂದು ಸಣ್ಣ ಟ್ರೇಡಿಂಗ್ ಕಂಪೆನಿಯಲ್ಲಿ ಅಕೌಂಟೆಂಟ್ ಆಗಿದ್ದ. ಮಾಲೀಕ ಅವನನ್ನು ಮಗನಂತೆ ನೋಡಿಕೊಂಡ, ಮ್ಯಾನೇಜರ್ ಎಂದು ಹೆಸರು ಕೊಟ್ಟ, ಕಂಪೆನಿಯ ಚೆಕ್‌ಗಳಿಗೆ ಸಹಿ ಹಾಕುವ ಅಧಿಕಾರವನ್ನೂ ಕೊಟ್ಟ. ಹುಡುಗ ಗೌರವವೆಂದು ತಿಳಿದು ಮುಂದಿನ ದಿನಾಂಕದ ಚೆಕ್‌ಗಳಿಗೆ ಸಾಲಾಗಿ ಸಹಿ ಹಾಕಿದ. 2017ರಲ್ಲಿ ಮಾಲೀಕ ಅಂಗಡಿ ಮುಚ್ಚಿ ದೇಶ ಬಿಟ್ಟ. ಚೆಕ್‌ಗಳು ಒಂದೊಂದಾಗಿ ಹಿಂದೆ ಬಂದವು. ಆಗ ಅಲ್ಲಿ ಹಣವಿಲ್ಲದ ಚೆಕ್ ಕ್ರಿಮಿನಲ್ ಅಪರಾಧ. ಪೊಲೀಸರು ಹುಡುಕುವುದು ಸಹಿ ಹಾಕಿದವನನ್ನು. ಪ್ರಕರಣ ಮುಗಿಯುವವರೆಗೆ ದೇಶ ಬಿಡುವಂತಿರಲಿಲ್ಲ. ಊರಿನಲ್ಲಿ ತಂದೆ ತೀರಿಕೊಂಡಾಗ ಚಿತೆಗೆ ಬೆಂಕಿ ಇಟ್ಟದ್ದು ಚಿಕ್ಕಪ್ಪನ ಮಗ. ಹೇಳಲೇಬೇಕಾದ ಮಾತೆಂದರೆ ಆ ಮಾಲೀಕ ಅರಬ್ಬನಲ್ಲ, ನಮ್ಮ ದೇಶದವನೇ. ಹುಡುಗನ ಪರವಾಗಿ ನಿಂತು ಸಾಲಗಾರರ ಜತೆ ಮಾತಾಡಿ ಕಂತು ಮಾಡಿಸಿಕೊಟ್ಟದ್ದು ಅಲ್ಲಿಯ ಒಬ್ಬ ಸ್ಥಳೀಯ ಅರಬ್ ವರ್ತಕ.

2022ರ ಜನವರಿ 2ರಿಂದ ಯುಎಇ ಈ ಕಾನೂನನ್ನು ಬದಲಿಸಿದೆ. ಖಾತೆಯಲ್ಲಿ ಹಣ ಸಾಲದೆ ಚೆಕ್ ಹಿಂದಿರುಗಿದರೆ ಅದೊಂದೇ ಕಾರಣಕ್ಕೆ ಈಗ ಜೈಲಿಲ್ಲ. ಸಾಲಗಾರ ನೇರವಾಗಿ ನ್ಯಾಯಾಲಯದ ಮೂಲಕ ವಸೂಲಿಗೆ ಹೋಗಬಹುದು. ಆದರೆ ಬೇಕೆಂದೇ ಖಾತೆ ಮುಚ್ಚುವುದು, ಪಾವತಿ ತಡೆಯುವುದು, ಸುಳ್ಳು ಸಹಿ ಇವು ಇಂದಿಗೂ ಅಪರಾಧಗಳೇ. ನಮ್ಮಲ್ಲಿಯೂ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟಿನ 138ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಸಜೆಯಿದೆ ಎಂಬುದನ್ನು ಮರೆಯಬಾರದು. ಕಾನೂನು ಸಡಿಲವಾಯಿತೆಂದು ಸಹಿ ಸಡಿಲವಾಗಬಾರದು. ಹಾಗೆಯೇ ನೌಕರನ ಪಾಸ್‌ಪೋರ್ಟನ್ನು ಮಾಲೀಕ ಹಿಡಿದಿಟ್ಟುಕೊಳ್ಳುವುದು ಯುಎಇ ಕಾನೂನಿಗೆ ವಿರುದ್ಧ. ‘ಭದ್ರವಾಗಿ ಇಟ್ಟಿರುತ್ತೇನೆ’ ಎಂದು ಕೇಳಿದರೆ ನಯವಾಗಿ ನಿರಾಕರಿಸುವುದು ಅಶಿಷ್ಟತೆಯಲ್ಲ.

ಕೆಲವರು ಕೇಳಬಹುದು: ನಮ್ಮ ಹುಡುಗರ ಮೇಲಧಿಕಾರಿಗಳು ಹೆಚ್ಚಾಗಿ ಭಾರತೀಯರೇ, ಅರಬ್ಬರ ರಿವಾಜು ಕಲಿತು ಏನು ಪ್ರಯೋಜನ? ಪ್ರಶ್ನೆ ಸರಿ. ಆದರೆ ಸರಕಾರಿ ಕಚೇರಿ, ಪೊಲೀಸ್ ಠಾಣೆ, ನ್ಯಾಯಾಲಯ, ದೊಡ್ಡ ಗಿರಾಕಿ ಎಲ್ಲಿಯೂ ಕೊನೆಯ ಮಾತು ಸ್ಥಳೀಯರದ್ದೇ. ಅವರ ಊಟ ಉಂಡು, ರಾತ್ರಿ ಕೋಣೆಯಲ್ಲಿ ಕುಳಿತು ಅವರ ಧರ್ಮವನ್ನು ಹೀಯಾಳಿಸುವ ಸಂದೇಶ ರವಾನಿಸಿದವರ ಗತಿ ಏನಾಯಿತೆಂದು 2020ರಲ್ಲಿ ನೋಡಿದ್ದೇವೆ. ಯುಎಇಯಲ್ಲಿ ಹಲವು ಭಾರತೀಯರು ಆ ಕಾರಣಕ್ಕೆ ಕೆಲಸ ಕಳೆದುಕೊಂಡರು. ಅದು 2015ರಿಂದಲೇ ಅಲ್ಲಿ ಕಾನೂನುಬಾಹಿರ. ಕಾನೂನಿನ ಮಾತು ಹಾಗಿರಲಿ, ಅನ್ನ ಕೊಟ್ಟ ನೆಲವನ್ನು ಹಳಿಯುವುದು ನಮ್ಮ ಸಂಸ್ಕಾರವೂ ಅಲ್ಲ.

ಸಂಘಗಳು ಮುಂದಾಗಲಿ

ಹೊಟೇಲಿನಲ್ಲಿ ಹಗಲು ದುಡಿದ ಮಕ್ಕಳಿಗೆ ರಾತ್ರಿಶಾಲೆ ತೆರೆದು ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದ್ದು. ನನ್ನಂತೆ ಸಂಜೆ ಕಾಲೇಜಿನಲ್ಲಿ ಓದಿ ಮುಂದೆ ಬಂದವರು ನಮ್ಮಲ್ಲಿ ಸಾವಿರಾರು ಮಂದಿ. ಆ ಪರಂಪರೆಯ ಸಂಘಗಳು ವರ್ಷಕ್ಕೆ ಎರಡು ಭಾನುವಾರ ಅರ್ಧ ದಿನದ ಒಂದು ತರಗತಿ ನಡೆಸುವುದು ಕಷ್ಟವಲ್ಲ. ಸರಕಾರದ ವತಿಯಿಂದ ನಿರ್ಗಮನಪೂರ್ವ ತರಬೇತಿ ಇದೆಯಾದರೂ ತಾಯಿನುಡಿಯಲ್ಲಿ, ಅನುಭವಸ್ಥರ ಬಾಯಿಂದ ಕೇಳುವುದೇ ಬೇರೆ. ಶಾಲು ಹೊದಿಸಿಕೊಳ್ಳಲು ಬರುವ ಕೊಲ್ಲಿಯ ಉದ್ಯಮಿಗಳೇ ಒಂದು ಗಂಟೆ ಪಾಠ ಮಾಡಲಿ. ಒಬ್ಬ ವಕೀಲರು ಕರಾರು ಓದುವುದನ್ನು ಹೇಳಿಕೊಡಲಿ, ನಿವೃತ್ತ ಬ್ಯಾಂಕ್ ನೌಕರರೊಬ್ಬರು ಚೆಕ್, ಅಂಕೆ, ರಜೆಯ ಲೆಕ್ಕ ಹೇಳಲಿ. ಊರಿಗೆ ಮರಳಿದ ಚಾಲಕರು, ಅಡುಗೆಯವರು, ನರ್ಸ್‌ಗಳು ಕೂಡ ಮಾತಾಡಲಿ, ಏಕೆಂದರೆ ವೇದಿಕೆ ಹತ್ತದವರ ಬಳಿ ಹೇಳಲು ಹೆಚ್ಚು ಇರುತ್ತದೆ.

ಖರ್ಚೆಂದರೆ ಸಭಾಗೃಹದ ಬಾಡಿಗೆ ಮತ್ತು ಒಂದು ಹೊತ್ತಿನ ಚಹಾ. ಒಬ್ಬ ಹುಡುಗ ಓದದೆ ಸಹಿ ಹಾಕುವುದು ತಪ್ಪಿದರೂ ಆ ಖರ್ಚು ಸಾರ್ಥಕ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಸನ್ಮಾನದ ಪಟ್ಟಿಯ ಮೇಲೆ ಈ ವಿಷಯಕ್ಕೂ ಒಂದು ಸಾಲಿನ ಜಾಗವಿರಲಿ ಎಂದು ಸಂಘಗಳ ಪದಾಧಿಕಾರಿಗಳಲ್ಲಿ ವಿನಂತಿ.